ಚಿಕ್ಕಮಗಳೂರಿನ ಕಟ್ಟಿನ ಅಂಗಡಿ: ದರ್ವಾನ್ ಸಿಂಗ್ ನೇಗಿ ಫೋಟೊಗೆ ಕಟ್ಟು ಹಾಕಿಸಿದೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸ ತುಂಬಾ ಚೆನ್ನಾಗಿದೆ, ಆದರೆ ಅರ್ಜೆಂಟ್ ಇದ್ದವರು ಇಲ್ಲಿಗೆ ಹೋಗಬೇಡಿ. ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದರು. ಅಂಗಡಿ ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ.

ನಾನು ಸೈನ್ಯದಲ್ಲಿದ್ದು ಬಂದವನು. ಮೂಡಿಗೆರೆ ಕಡೆಯ ನಮ್ಮೂರ ಶಾಲೆಗೆ ದರ್ವಾನ್ ಸಿಂಗ್ ನೇಗಿಯವರ ಚಿತ್ರ ಕೊಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನನ್ನ ಜೊತೆಗಿದ್ದ ಗಢವಾಲಿ ಗೆಳೆಯ ರಾತ್ರಿ ಡ್ಯೂಟಿಯಲ್ಲಿ ಇವರ ಕತೆ ಹೇಳುತ್ತಿದ್ದ. ಬ್ರಿಟಿಷರ ಕಾಲದ ಸೈನ್ಯದ 39ನೇ ಗಢವಾಲ್ ರೈಫಲ್ಸ್‌ನಲ್ಲಿ ನಾಯಕ್ (ಹವಾಲ್ದಾರ್‌ಗಿಂತ ಕೆಳಗಿನ ದರ್ಜೆ) ಆಗಿದ್ದವರು. ಮೊದಲ ಮಹಾಯುದ್ಧದಲ್ಲಿ, 1914ರ ನವೆಂಬರ್ 23ರ ರಾತ್ರಿ, ಫ್ರಾನ್ಸಿನ ಫೆಸ್ಟುಬೆರ್ ಹತ್ತಿರ, ಸೈನಿಕರು ಒಳಗೆ ನಿಂತು ಕಾದಾಡಲು ಅಗೆದ, ಜರ್ಮನ್ನರ ಕೈಗೆ ಹೋಗಿದ್ದ ಟ್ರೆಂಚ್‌ಗಳನ್ನು ವಾಪಸ್ ಕಿತ್ತುಕೊಳ್ಳಲು ಇವರ ಪಡೆ ನುಗ್ಗಿತು. ತಲೆಗೆ ಎರಡು ಕಡೆ ಗಾಯ, ತೋಳಿಗೂ ಗಾಯ. ಆದರೂ ಒಂದೊಂದು ತಿರುವಿನಲ್ಲೂ ಮೊದಲು ನುಗ್ಗಿದವರಲ್ಲಿ ಇವರೂ ಇದ್ದರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಡಿಸೆಂಬರ್ 5ರಂದು ಐದನೇ ಜಾರ್ಜ್ ದೊರೆ ಫ್ರಾನ್ಸಿನಲ್ಲೇ ತಮ್ಮ ಕೈಯಾರೆ ಪದಕ ಕೊಟ್ಟರು. ಭಾರತೀಯ ಸೈನಿಕರಿಗೆ ಆ ಪದಕದ ಬಾಗಿಲು ತೆರೆದಿದ್ದೇ 1911ರಲ್ಲಿ.

ಫೋಟೊ ಕೆಳಗೆ ಟ್ರೆಂಚಿನ ಸಣ್ಣ ನಕ್ಷೆ ಇರಲಿ ಅಂತ ನಾನೇ ಪೆನ್ಸಿಲ್‌ನಲ್ಲಿ ಬರೆದುಕೊಟ್ಟಿದ್ದೆ. ಕಂಪ್ಯೂಟರ್ ಹುಡುಗ ಅದನ್ನು ನೇರ ಗೆರೆ ಮಾಡಿಬಿಟ್ಟಿದ್ದ. ಯಜಮಾನರು ನನ್ನ ಕಾಗದ ನೋಡಿ, "ಸರ್, ಇದು ಯಾಕೆ ಹಿಂಗೆ ಸೊಟ್ಟ ಸೊಟ್ಟ ಇದೆ?" ಅಂತ ಕೇಳಿದರು. ಸುಮ್ನೆ ಕೇಳಿದ್ದಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಕೂತರು.

ನಮ್ಮ ತೋಟದಲ್ಲಿ ನೀರು ಇಂಗಲಿ ಅಂತ ಹೊಡೆಯುವ ಟ್ರೆಂಚ್ ನೇರ ಇದ್ದರೂ ನಡೆಯುತ್ತದೆ. ಯುದ್ಧದ ಟ್ರೆಂಚ್ ಹಾಗಲ್ಲ. ನೇರ ಇದ್ದರೆ ಒಂದು ತುದಿಯಲ್ಲಿ ನಿಂತ ಒಬ್ಬನೇ ಪೂರ್ತಿ ಸಾಲಿಗೆ ಗುಂಡು ಹೊಡೆಯಬಹುದು, ಒಂದು ಬಾಂಬ್ ಬಿದ್ದರೆ ಅದರ ಚೂರು ಉದ್ದಕ್ಕೂ ಹಾರುತ್ತದೆ. ಅದಕ್ಕೇ ಕೆಲವು ಗಜಕ್ಕೊಂದು ದಪ್ಪ ಮಣ್ಣಿನ ಗೋಡೆ ಬಿಟ್ಟು, ಅದನ್ನು ಬಳಸಿಕೊಂಡು ಹೋಗುವ ಹಾಗೆ ಅಗೆಯುತ್ತಾರೆ. ಈಗ ಅದರೊಳಗೆ ಶತ್ರು ಇದ್ದಾನೆ ಅಂದುಕೊಳ್ಳಿ. ಗೋಡೆಯಾಚೆ ಏನಿದೆ ಅಂತ ನಿಮಗೆ ಕಾಣೋದಿಲ್ಲ. ಅವನು ಬಂದೂಕು ಗುರಿ ಇಟ್ಟು ಕೂತಿರುತ್ತಾನೆ. ಮೊದಲು ತಿರುಗುವವನಿಗೇ ಗುಂಡು. ಆ ತಿರುವು ಗೆದ್ದರೆ ಮುಂದೆ ಇನ್ನೊಂದು, ಆಮೇಲೆ ಮತ್ತೊಂದು, ಅದೂ ಕತ್ತಲಲ್ಲಿ, ತಲೆಯಿಂದ ರಕ್ತ ಸುರಿಯುತ್ತಿರುವಾಗ. ಗೆರೆ ನೇರ ಮಾಡಿದರೆ ಆ ಮನುಷ್ಯ ಮಾಡಿದ್ದು ಏನು ಅಂತ ಮಕ್ಕಳಿಗೆ ಗೊತ್ತೇ ಆಗೋದಿಲ್ಲ, ಅಲ್ವಾ?

ಯಜಮಾನರು ಹುಡುಗನನ್ನು ಕರೆದು, "ಸರ್ ಬರೆದ ಹಾಗೇ ಮಾಡಪ್ಪಾ, ಗೋಡೆ ದಪ್ಪ ತೋರಿಸು" ಅಂದರು. ಅದಕ್ಕೆ ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ತಪ್ಪುಗಳೂ ಆದವು. "ಗಢವಾಲ್" ಅನ್ನುವುದು "ಗಡವಾಲ" ಆಗಿತ್ತು. ಪದಕದ ರಿಬ್ಬನ್ ಕುಂಕುಮದ ಬಣ್ಣಕ್ಕೆ ಬಂದಿತ್ತು. ಅದು ಕಡುಗೆಂಪು ಇರಬೇಕು. ಚೆನ್ನಾಗಿ ಹಣ್ಣಾದ ಕಾಫಿ ಹಣ್ಣಿನ ಬಣ್ಣ ಅಂದಮೇಲೆ ಸರಿಯಾಗಿ ಬಂತು. ಪ್ರಿಂಟ್ ಮಾಡುವ ಮೊದಲು ನೀವೇ ಕೂತು ಅಕ್ಷರ ನೋಡಿ.

18 ಇಂಚು ಅಗಲ, 24 ಇಂಚು ಎತ್ತರ. ಸಾಗುವಾನಿ ಕಟ್ಟು, ಒಟ್ಟು 2,400 ರೂಪಾಯಿ. ಫೈಬರ್ ಕಟ್ಟು ಕಡಿಮೆಗೆ ಆಗುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಫೋಟೊ ಗಾಜಿಗೆ ಅಂಟಿ ಬೂಷ್ಟು ಹಿಡಿಯುತ್ತದೆ ಅಂದಾಗ, ಅವರೇ ಗಾಜಿಗೂ ಫೋಟೊಗೂ ನಡುವೆ ದಪ್ಪ ಮೌಂಟ್ ಬೋರ್ಡ್ ಕೊಟ್ಟು, ಹಿಂದೆ ಪೂರ್ತಿ ಟೇಪ್ ಹೊಡೆದು, ಗೋಡೆಗೆ ತಾಗದೆ ಗಾಳಿ ಆಡಲಿ ಅಂತ ಕೆಳಗಿನ ಎರಡು ಮೂಲೆಗೆ ರಬ್ಬರ್ ತುಂಡು ಅಂಟಿಸಿಕೊಟ್ಟರು. ಜೂನ್ ಮೊದಲ ವಾರ ಶಾಲೆಯಲ್ಲಿ ನೇತುಹಾಕಿದ್ದು. ಮೊನ್ನೆ ಅಕ್ಟೋಬರ್‌ನಲ್ಲಿ ಇಳಿಸಿ ನೋಡಿದೆ. ಒಂದು ಚುಕ್ಕೆ ಬೂಷ್ಟು ಇಲ್ಲ. ನಕ್ಷೆಯ ಮೇಲಿನ ಗಾಜು ಮಾತ್ರ ಮಕ್ಕಳ ಬೆರಳಿನ ಗುರುತಿನಿಂದ ಮಸುಕಾಗಿತ್ತು. ತಿರುವು ತಿರುವಿಗೂ ಬೆರಳಾಡಿಸಿದ್ದಾರೆ.

ಅಲ್ಲಿಂದ ಸೀದಾ ಅಂಗಡಿಗೆ ಹೋಗಿ ಗಬರ್ ಸಿಂಗ್ ನೇಗಿಯವರ ಚಿತ್ರಕ್ಕೆ ಐನೂರು ರೂಪಾಯಿ ಅಡ್ವಾನ್ಸ್ ಕೊಟ್ಟೆ. ಅದೇ ರೆಜಿಮೆಂಟ್, 1915ರ ಮಾರ್ಚ್ 10, ಫ್ರಾನ್ಸಿನ ನ್ಯೂವ್ ಶಾಪೆಲ್. ಅವರಿಗೂ ವಿಕ್ಟೋರಿಯಾ ಕ್ರಾಸ್, ಆದರೆ ತೆಗೆದುಕೊಳ್ಳಲು ಅವರು ಉಳಿದಿರಲಿಲ್ಲ. ಈ ಸಲ ಹುಡುಗ ನಾನು ಕೇಳುವ ಮೊದಲೇ ಗೆರೆ ಸೊಟ್ಟ ಬರೆದಿದ್ದ.