ಹಳೇ ಲ್ಯಾಪ್‌ಟಾಪ್‌ಗೆ ಯಾವ ಎಸ್‌ಎಸ್‌ಡಿ? ಎರಡನ್ನೂ ಹಾಕಿ ನೋಡಿದೆ

ದಾವಣಗೆರೆಯಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಮದುವೆ ಆಲ್ಬಂ ಎಲ್ಲವೂ 2013ರ ಒಂದು ಲ್ಯಾಪ್‌ಟಾಪ್‌ನಲ್ಲೇ. ಬೆಳಿಗ್ಗೆ ಆನ್ ಮಾಡಿ, ಹೋಗಿ ಚಹಾ ಕುಡಿದು ಬಂದರೂ ಡಿಸೈನ್ ಮಾಡುವ ಕೋರಲ್‌ಡ್ರಾ ತೆರೆದಿರುತ್ತಿರಲಿಲ್ಲ. ರ‍್ಯಾಮ್ 8 ಜಿಬಿ ಇತ್ತು, ಪ್ರೊಸೆಸರ್‌ಗೂ ಏನೂ ಆಗಿರಲಿಲ್ಲ. ಎಲ್ಲಾ ತಡ ಆ 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಹಾರ್ಡ್ ಡಿಸ್ಕ್‌ನದು.

ನನಗೊಂದು, ತಂಗಿಯ ಲ್ಯಾಪ್‌ಟಾಪ್‌ಗೊಂದು ಅಂತ ಎರಡು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಫ್ಲ್ಯಾಶ್ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ತಂದೆ. ಒಂದು ಸ್ಯಾಮ್‌ಸಂಗ್ 870 ಇವೊ, 500 ಜಿಬಿ. ಇನ್ನೊಂದು ಡಿ-ರ‍್ಯಾಮ್ (ಡ್ರೈವ್‌ನೊಳಗಿನ ಪುಟ್ಟ ವೇಗದ ಮೆಮೊರಿ) ಇಲ್ಲದ ಅಗ್ಗದ್ದು, ಬೆಲೆ ಹೆಚ್ಚುಕಡಿಮೆ ಅರ್ಧ. ಅವಳಿಗೆ ಕೊಡುವ ಮೊದಲು ಎರಡನ್ನೂ ನನ್ನದರಲ್ಲೇ ಹತ್ತತ್ತು ದಿನ ಓಡಿಸಿದೆ.

ವಿಂಡೋಸ್ ತೆರೆಯೋಕೆ ಹಾರ್ಡ್ ಡಿಸ್ಕ್ ಎರಡು ನಿಮಿಷ ದಾಟುತ್ತಿತ್ತು. ಅಗ್ಗದ್ದು 22 ಸೆಕೆಂಡ್, ಸ್ಯಾಮ್‌ಸಂಗ್ 20. ಈ ಎರಡು ಸೆಕೆಂಡಿಗೆ ಯಾರೂ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ.

ವ್ಯತ್ಯಾಸ ಗೊತ್ತಾಗಿದ್ದು ಒಂದು ಮದುವೆಯ 60 ಜಿಬಿ ಫೋಟೋ, ವಿಡಿಯೋ ಕಾಪಿ ಮಾಡುವಾಗ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಅಗ್ಗದ್ದಕ್ಕೆ ಮೊದಲ 15 ಜಿಬಿ ಸರಾಗವಾಗಿ ಹೋಯಿತು, ಸೆಕೆಂಡಿಗೆ 110 ಎಂಬಿ. ಆಮೇಲೆ ಕಾಪಿ ವಿಂಡೋದ ಹಸಿರು ಗ್ರಾಫ್ ಧಡಕ್ಕನೆ ಕುಸಿದು 45ಕ್ಕೆ ನಿಂತಿತು. ಇಂಥ ಡ್ರೈವ್‌ಗಳು ಫ್ಲ್ಯಾಶ್‌ನ ಒಂದು ಭಾಗವನ್ನು ವೇಗದ ಕ್ಯಾಶ್ (ತಾತ್ಕಾಲಿಕ ಜಾಗ) ಆಗಿ ಬಳಸುತ್ತವೆ. ಅದು ತುಂಬಿದ ಮೇಲೆ ಅಸಲಿ ವೇಗ ಕಾಣುತ್ತದೆ. ಒಟ್ಟು 19 ನಿಮಿಷ ಹಿಡಿಯಿತು. ಸ್ಯಾಮ್‌ಸಂಗ್‌ಗೆ 9 ನಿಮಿಷ, ಗ್ರಾಫ್ ಕೊನೆವರೆಗೂ ಅಲುಗಲಿಲ್ಲ. ಸೀಸನ್‌ನಲ್ಲಿ ದಿನಕ್ಕೆ ಮೂರು ಮದುವೆ ಬಂದರೆ ಆ ಹತ್ತು ನಿಮಿಷ ದೊಡ್ಡದು, ಅಲ್ವಾ?

ವಾರಂಟಿಯನ್ನೂ ನೋಡಿ. ಸ್ಯಾಮ್‌ಸಂಗ್‌ಗೆ ಐದು ವರ್ಷ ಅಥವಾ 300 ಟಿಬಿ ಬರೆಯುವವರೆಗೆ. ದಿನಾ 100 ಜಿಬಿ ಬರೆದರೂ ಐದು ವರ್ಷಕ್ಕೆ ಸುಮಾರು 182 ಟಿಬಿ ಆಗುತ್ತದೆ. ನನ್ನ ಅಗ್ಗದ್ದಕ್ಕೆ ಮೂರೇ ವರ್ಷ.

ಡಬ್ಬದ ಮೇಲಿನ ಸೆಕೆಂಡಿಗೆ 560 ಎಂಬಿ ನೋಡಿ ಸುಮ್ನೆ ಆಸೆಪಡಬೇಡಿ, ಯಾವ ಜಾಗದಲ್ಲಿ ಕೂರಿಸುತ್ತೀರಿ ಅನ್ನೋದೂ ಮುಖ್ಯ. ಎಸ್‌ಎಸ್‌ಡಿಯನ್ನು ಕ್ಯಾಡಿಯಲ್ಲಿ (ಡಿವಿಡಿ ಡ್ರೈವ್ ತೆಗೆದ ಜಾಗಕ್ಕೆ ಕೂರುವ ಚೌಕಟ್ಟು) ಹಾಕಿ ಡಿವಿಡಿ ಜಾಗದಲ್ಲೂ ಕೂರಿಸಿ ನೋಡಿದೆ. ಡ್ರೈವ್‌ನ ಮಾಹಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ 'ಸಾಟಾ/300' ಅಂತ ಬಂತು, ಅಂದರೆ ಅಲ್ಲಿನ ಸಾಟಾ ಕನೆಕ್ಷನ್‌ಗೆ ಅರ್ಧ ವೇಗ. ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿ 'ಸಾಟಾ/600'. ಎಸ್‌ಎಸ್‌ಡಿಗೆ ಆ ಜಾಗವೇ ಸರಿ. ನನ್ನದರಲ್ಲಿ ಆ ಜಾಗ 9.5 ಮಿ.ಮೀ., ಎಸ್‌ಎಸ್‌ಡಿ 7 ಮಿ.ಮೀ. ಹಾಗಾಗಿ ಅಲುಗಾಡುತ್ತಿತ್ತು. ಉಳಿದಿದ್ದ ಲಗ್ನಪತ್ರಿಕೆಯ ದಪ್ಪ ಕಾರ್ಡ್ ಕತ್ತರಿಸಿ ಆ ಸಂದಿಗೆ ಇಟ್ಟೆ, ಗಟ್ಟಿಯಾಗಿ ಕೂತಿತು.

ಸ್ಯಾಮ್‌ಸಂಗ್ ನಾನೇ ಇಟ್ಟುಕೊಂಡೆ. ತಂಗಿಗೆ ಬೇಕಿರುವುದು ಬ್ರೌಸರ್, ನೋಟ್ಸ್, ಒಂದಷ್ಟು ಕೋಡಿಂಗ್. ಅವಳಿಗೆ ಅಗ್ಗದ್ದು ಧಾರಾಳ ಸಾಕು. ಹಳೇ ಹಾರ್ಡ್ ಡಿಸ್ಕ್ ಈಗ ಕ್ಯಾಡಿಯೊಳಗೆ ಹಳೇ ಆಲ್ಬಂಗಳನ್ನು ಇಟ್ಟುಕೊಂಡಿದೆ. ಕ್ಯಾಡಿ ತರುವ ಮುಂಚೆ ಡಿವಿಡಿ ಡ್ರೈವ್ ಹೊರಗೆ ತೆಗೆದು ದಪ್ಪ ಅಳೆಯಿರಿ, 9.5 ಮತ್ತು 12.7 ಮಿ.ಮೀ. ಎರಡೂ ಸಿಗುತ್ತವೆ. ನಾನು ಅಳೆಯದೆ ತಂದು ಎರಡು ಸಲ ಅಂಗಡಿಗೆ ಓಡಾಡಬೇಕಾಯಿತು.