ರಿಂಗ್ ರೋಡ್ ಆಚೆಯ ನರ್ಸರಿ: ಮುಂದಿನ ಸಾಲು ಬಿಡಿ, ಹಿಂದಕ್ಕೆ ಹೋಗಿ

ಕಲಬುರಗಿಯಲ್ಲಿ ಮಾಳಿಗೆ ಮೇಲೆ ನಾಲ್ಕು ಕುಂಡ ಇಟ್ಟವರೆಲ್ಲ ಕೇಳುವುದು ಒಂದೇ, ಗಿಡ ಎಲ್ಲಿಂದ ತರೋದು? ನಾನು ಕೆಲವು ವರ್ಷಗಳಿಂದ ಹೋಗುತ್ತಿರುವುದು ರಿಂಗ್ ರೋಡ್ ದಾಟಿದ ಮೇಲೆ ಸಿಗುವ ಒಂದು ನರ್ಸರಿಗೆ. ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಸುಮ್ನೆ ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ನೀವು ಬೇರೆ ನರ್ಸರಿಗೆ ಹೋದರೂ ಇಲ್ಲಿ ಬರೆದಿದ್ದರಲ್ಲಿ ಅರ್ಧ ಅಲ್ಲಿಗೂ ಹೊಂದುತ್ತದೆ.

ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಹೂ ಬಿಟ್ಟ ಗುಲಾಬಿ, ದಾಸವಾಳ, ಬಣ್ಣಬಣ್ಣದ ಕಾಗದದ ಹೂ. ಎಲ್ಲವೂ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲಕ್ಕೂ ಆಗಷ್ಟೇ ನೀರು ಹಾಕಿರುತ್ತಾರೆ, ನೋಡಿದರೆ ಕೈ ತಾನಾಗಿಯೇ ಪರ್ಸಿಗೆ ಹೋಗುತ್ತದೆ. ಇವು ಇಲ್ಲಿ ಬೆಳೆದವಲ್ಲ. ಲಾರಿಯಲ್ಲಿ ಬರುತ್ತವೆ, ಹೆಚ್ಚಿನವು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ಕಡೆಯಿಂದ. ಅಲ್ಲಿ ಗೋದಾವರಿ ದಂಡೆಯ ತೇವದ ಗಾಳಿ, ನೀರಿಗೆ ಬರವಿಲ್ಲ. ಅಲ್ಲಿಂದ ಎತ್ತಿ ತಂದು ನಮ್ಮ ಒಣ ಗಾಳಿಯಲ್ಲಿ, 42-43 ಡಿಗ್ರಿ ಬಿಸಿಲಲ್ಲಿ ನಿಲ್ಲಿಸಿದರೆ ಎಷ್ಟು ದಿನ ನಗುತ್ತವೆ ಹೇಳಿ.

ಬಿಸಿಲು ಅರ್ಧ ಕಾರಣ ಅಷ್ಟೇ. ಇನ್ನರ್ಧ ಬೇರಿನಲ್ಲಿದೆ. ಒಣಗಿದ ಒಂದು ಗುಲಾಬಿಯ ಚೀಲ ಕೊಯ್ದು ನೋಡಿದೆ. ಮೇಲೆ, ಪಕ್ಕದಲ್ಲಿ ಸಡಿಲವಾದ ಒಳ್ಳೆ ಮಣ್ಣು. ನಟ್ಟ ನಡುವೆ ಮುಷ್ಟಿಯಷ್ಟು ದಪ್ಪದ ಜೇಡಿಮಣ್ಣಿನ ಉಂಡೆ, ಸುಟ್ಟ ಇಟ್ಟಿಗೆ ಹಾಗೆ ಗಟ್ಟಿ. ಬೇರೆಲ್ಲ ಅದರೊಳಗೇ ಸಿಕ್ಕಿಕೊಂಡಿದ್ದವು, ಒಂದೆರಡು ಎಳೆ ಮಾತ್ರ ಹೊರಗೆ. ಚೊಂಬು ನೀರು ಹಾಕಿದರೆ ನೀರು ಉಂಡೆಯ ಸುತ್ತ ಹರಿದು ಕೆಳಗಿನ ತೂತಿನಿಂದ ಹೊರಗೆ ಬಂತು. ಉಂಡೆ ಒಡೆದರೆ ಒಳಗೆ ಧೂಳು! ದಿನಾ ನೀರು ಹಾಕುತ್ತಿದ್ದರೂ ಗಿಡ ಬಾಯಾರಿ ಸತ್ತಿತ್ತು. ದೂರದಿಂದ ಸಾಗಿಸುವಾಗ ಬೇರು ಒಣಗದಿರಲಿ ಅಂತ ಹೀಗೆ ಕಟ್ಟಿ ಕಳಿಸುತ್ತಾರೆ, ಅದು ಸರಿ. ಆದರೆ 150 ರೂಪಾಯಿ ತಗೊಂಡು ಗಿಡ ಕೊಡುವಾಗ ಆ ಮಾತು ಒಂದು ಸಲ ಹೇಳಬಾರದಾ?

ಕೊಂಡೇಬಿಟ್ಟಿದ್ದರೆ ಹೀಗೆ ಮಾಡಿ. ಒಂದು ವಾರ ನೆರಳಲ್ಲಿ ಇಡಿ. ಆಮೇಲೆ ಚೀಲ ಬಿಚ್ಚಿ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ನಿಧಾನಕ್ಕೆ ತೊಳೆದು ನೆಡಿ. ಕಸಿ ಕಟ್ಟಿದ ಗಂಟು (ಕಾಡು ಗುಲಾಬಿಯ ಬೇರಿಗೆ ಒಳ್ಳೆ ಗುಲಾಬಿ ಕೂಡಿಸಿದ ಜಾಗ) ಮಣ್ಣಿನ ಮೇಲೇ ಇರಲಿ, ಆ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಮುರಿದುಹಾಕಿ, ಇಲ್ಲಾಂದ್ರೆ ಕಾಡು ಗುಲಾಬಿಯೇ ಮೇಲೆದ್ದು ಕಸಿ ಗಿಡ ಹೋಗಿಬಿಡುತ್ತದೆ. ಇದೆಲ್ಲ ಬೇಸಿಗೆಯಲ್ಲಿ ಮಾಡುವ ಕೆಲಸ ಅಲ್ಲ.

ಈಗ ಹಿಂದಿನ ನೆರಳುಮನೆಗೆ ಬನ್ನಿ. ಅಂಗಡಿಯ ಜೀವ ಇರುವುದೇ ಇಲ್ಲಿ. ಟ್ರೇಗಳಲ್ಲಿ ಬದನೆ, ಮೆಣಸಿನಕಾಯಿ, ಟೊಮೆಟೊ, ಚೆಂಡು ಹೂವಿನ ಸಸಿ. 98 ಗುಳಿಯ ಟ್ರೇ, ಪೂರ್ತಿ ಟ್ರೇ ರೈತರಿಗೆ. ನಮ್ಮಂಥವರು ಹತ್ತು ಸಸಿ ಕೇಳಿದರೂ ಮುಖ ಸಿಂಡರಿಸದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ಸಸಿಗೆ ಎರಡು ರೂಪಾಯಿ. ಇವು ಇದೇ ಊರಿನ ಗಾಳಿಯಲ್ಲಿ ಮೊಳೆತವು. ಕೊಡುವ ಮುಂಚೆ ಕೆಲವು ದಿನ ಟ್ರೇ ಹೊರಗಿಟ್ಟು ನೀರು ಕಡಿಮೆ ಮಾಡಿ ಗಟ್ಟಿ ಮಾಡಿರುತ್ತಾರೆ. ಕಾಂಡ ಮೋಟಾಗಿ, ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿದ ಸಸಿ ಆರಿಸಿಕೊಳ್ಳಿ. ಉದ್ದಕ್ಕೆ ಬೆಳೆದು ಹಸಿರಾಗಿ ಬಳುಕುವುದನ್ನು ಬಿಡಿ. ಅಲ್ಲಿಂದ ತಂದ ಬದನೆ ನಮ್ಮ ಮನೆಯಲ್ಲಿ ದೀಪಾವಳಿಯಿಂದ ಸಂಕ್ರಾಂತಿವರೆಗೆ ಕಾಯಿ ಕೊಟ್ಟಿತು. ಎಳ್ಳಮಾವಾಸ್ಯೆ ಭಜ್ಜಿಗೆ ಬದನೆ ಮಾರ್ಕೆಟಿನಿಂದ ತರಲಿಲ್ಲ ಅನ್ನುವುದು ನಮ್ಮನೆಯಲ್ಲಿ ದೊಡ್ಡ ಸುದ್ದಿ.

ನೆರಳುಮನೆ ನೋಡಿಕೊಳ್ಳುವ ವಯಸ್ಸಾದ ಕಾಕಾ ಒಬ್ಬರಿದ್ದಾರೆ. ಐದು ಸ್ಟಾರ್ ಕೊಡುವುದಾದರೆ ಅವರಿಗೆ ಕೊಡಬೇಕು. ಏಪ್ರಿಲ್‌ನಲ್ಲಿ ಟೊಮೆಟೊ ಸಸಿ ಕೇಳಿದವರಿಗೆ ಅವರು ಮಾರುವುದೇ ಇಲ್ಲ. "ಈಗ ಒಯ್ಬ್ಯಾಡ್ರಿ ಅಕ್ಕಾ, ಹೂ ಎಲ್ಲ ಉದುರ್ತಾವ. ಮಿರಗ ಕೂಡ್ಲಿ, ಆಮ್ಯಾಲ ಬರ್ರಿ" ಅನ್ನುತ್ತಾರೆ. ಮಿರಗ ಅಂದರೆ ಮೃಗಶಿರಾ ಮಳೆ. ಸರಿಯಾದ ಮಾತೇ. ಹಗಲು ಬಿಸಿ ವಿಪರೀತ ಇದ್ದು ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟುವುದಿಲ್ಲ, ನೀವು ಏನೇ ಗೊಬ್ಬರ ಸುರಿಯಿರಿ. ಮಾಲೀಕರಿಗೆ ಈ ವ್ಯಾಪಾರ ಎಷ್ಟು ಇಷ್ಟವೋ ಗೊತ್ತಿಲ್ಲ. ಬೇಸಿಗೆಗೆ ಏನು ಹಾಕಲಿ ಅಂದರೆ ಒಂದು ಹಿಡಿ ಪುಂಡಿ ಬೀಜ, ಒಂದಿಷ್ಟು ಚವಳಿಕಾಯಿ (ಗೋರಿಕಾಯಿ) ಬೀಜ ಕೈಗೆ ಹಾಕುತ್ತಾರೆ. ಎರಡೂ ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಪುಂಡಿ ಎಲೆ ಚಿವುಟಿದಷ್ಟೂ ಕವಲೊಡೆಯುತ್ತದೆ, ರೊಟ್ಟಿ ಜೊತೆ ಪಲ್ಯಕ್ಕೆ ಕೊರತೆಯಿಲ್ಲ.

ಕೌಂಟರಿನ ಹುಡುಗನ ಕಥೆ ಬೇರೆ. ದಾಸವಾಳದ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿತ್ತು. ಎಲೆ ಒಯ್ದು ತೋರಿಸಿದೆ. ಮೊಬೈಲಿನಿಂದ ಕಣ್ಣು ಎತ್ತದೆ 19:19:19 ಪುಡಿ ಪ್ಯಾಕೆಟ್ ಮುಂದಿಟ್ಟ, ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ ಅದು. ಎಲ್ಲ ರೋಗಕ್ಕೂ ಅವನ ಹತ್ತಿರ ಅದೇ ಮದ್ದು. ಇದು ಕಬ್ಬಿಣದ ಕೊರತೆ. ನಮ್ಮ ಮಣ್ಣಿನಲ್ಲೂ ಬೋರ್ ನೀರಿನಲ್ಲೂ ಸುಣ್ಣ ಜಾಸ್ತಿ, ಮನೆ ನೆಲಕ್ಕೆ ಹಾಕುವ ಶಹಾಬಾದ್ ಫರಸಿಯೇ ಸುಣ್ಣದ ಕಲ್ಲು ಅಲ್ವಾ. ಕುಂಡದ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅದೇ ಸಾಕ್ಷಿ. ಸುಣ್ಣ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚೂರು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಫೆರಸ್ ಸಲ್ಫೇಟ್ ಅದೇ ಅಂಗಡಿಯ ಕಪಾಟಿನಲ್ಲಿತ್ತು, ಅವನಿಗೇ ಗೊತ್ತಿರಲಿಲ್ಲ!

ಮಣ್ಣಿನ ವಿಷಯ. 'ರೆಡಿ ಮಿಕ್ಸ್' ಅಂತ ಹೊಲಿದಿಟ್ಟ ಚೀಲ ತರಬೇಡಿ. ತೆಗೆದು ನೋಡಿದರೆ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ, ಹಗುರ ಇರುತ್ತದೆ ಅಂತ ಖುಷಿಯಾಗುತ್ತದೆ, ಆದರೆ ಅದರಲ್ಲಿ ಸತ್ವವಿಲ್ಲ. ಬದಲಿಗೆ ಕೆಂಪು ಮಣ್ಣು ಬಿಡಿಯಾಗಿ ಕೊಡುತ್ತಾರೆ, ಬೀದರ್ ಕಡೆಯದು, ಅದನ್ನು ತಗೊಳ್ಳಿ. ನಮ್ಮ ಕರಿ ಮಣ್ಣು ಹೊಲದಲ್ಲಿ ಬಂಗಾರ, ತೊಗರಿಗೆ ಅದೇ ಬೇಕು. ಕುಂಡದಲ್ಲಿ ಮಾತ್ರ ಒದ್ದೆಯಾದರೆ ಅಂಟು, ಒಣಗಿದರೆ ಕುಂಡದ ಗೋಡೆ ಬಿಟ್ಟು ಸರಿದು ನಿಲ್ಲುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದು ಹೋಗುತ್ತದೆ. ಕೆಂಪು ಮಣ್ಣು ಎರಡು ಪಾಲು, ತಿಪ್ಪೆ ಗೊಬ್ಬರ ಒಂದು, ನಾರಿನ ಪುಡಿ ಒಂದು. ಇವರ ತಿಪ್ಪೆ ಗೊಬ್ಬರ ನಿಜಕ್ಕೂ ಚೆನ್ನಾಗಿ ಕಳಿತದ್ದು, ಕೈಯಲ್ಲಿ ಹಿಡಿದರೆ ವಾಸನೆ ಇಲ್ಲ, ಬೇರು ತಿನ್ನುವ ಗೊಣ್ಣೆ ಹುಳ ಇಲ್ಲ.

ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲ, ತೆಗೆದುಕೊಂಡಿದ್ದು ದಂಡ. ಒಂದು ಬೇಸಿಗೆ ಕಳೆದ ಮೇಲೆ ಎತ್ತಲು ಹೋದರೆ ಹಿಡಿಕೆ ಕೈಗೆ ಬಂತು. ಬದಿಯನ್ನು ಬೆರಳಿನಿಂದ ಉಜ್ಜಿದರೆ ಹಸಿರು ಪುಡಿ ಉದುರಿತು. ಬಿಸಿಲು ತಡೆಯುವ ಯುವಿ ಪ್ಲಾಸ್ಟಿಕ್ ಅಂತ ಹೇಳಿಯೇ ಮಾರಿದ್ದರು. ಕೇಳಿದ್ದಕ್ಕೆ "ಕಂಪನಿಯಿಂದ ಹಂಗ ಬಂದದ್ರಿ" ಅಂದರು, ದುಡ್ಡು ವಾಪಸ್ ಇಲ್ಲ, ಬದಲಿ ಬ್ಯಾಗೂ ಇಲ್ಲ. ಹಳೇ ಪೇಂಟ್ ಬಕೆಟ್ ಇದ್ದರೆ ತಳಕ್ಕೆ ತೂತು ಹೊಡೆದು ಅದರಲ್ಲೇ ಹಾಕಿ.

ಆದರೆ ನೆರಳು ಪರದೆ ಕಟ್ಟುವ ಕೆಲಸ ಇವರದ್ದು ಪಕ್ಕಾ. 50 ಪರ್ಸೆಂಟ್ ಪರದೆ ಸಾಕು ಅಂತ ಅವರೇ ಹೇಳಿದರು, ನಾನು ದುಬಾರಿ 75 ಕೇಳಿದ್ದೆ. ಅಷ್ಟು ನೆರಳಾದರೆ ತರಕಾರಿ ಕಾಯಿ ಬಿಡುವುದು ಕಡಿಮೆ. ಪೈಪು ನಿಲ್ಲಿಸಿ, ಪಡುವಣ ಬದಿಗೂ ಇಳಿಬಿಟ್ಟು ಕಟ್ಟಿದರು, ಮಧ್ಯಾಹ್ನದ ಮೇಲಿನ ಬಿಸಿಲೇ ಗಿಡ ಸುಡುವುದು. ಮೇ ತಿಂಗಳ ಗಾಳಿ ಮಳೆಗೆ ಪಕ್ಕದ ಮನೆಯ ತಗಡು ಹಾರಿತು, ಪರದೆ ಜಗ್ಗಲಿಲ್ಲ.

ಕೊಳ್ಳುವಾಗ ಎರಡು ಕಡೆ ಕಣ್ಣಿಡಿ. ದಾಸವಾಳದ ತುದಿ ಚಿಗುರಿನಲ್ಲಿ ಹತ್ತಿಯಂಥ ಬಿಳಿ ಅಂಟಿದ್ದರೆ, ಕಾಂಡದ ಮೇಲೆ ಇರುವೆ ಸಾಲು ಹಿಡಿದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ಹಿಟ್ಟು ತಿಗಣೆ. ಒಂದು ಗಿಡದಲ್ಲಿ ಮನೆಗೆ ಬಂದರೆ ಮಾಳಿಗೆಯೆಲ್ಲ ಹಬ್ಬುತ್ತದೆ, ಆಮೇಲೆ ಬೇವಿನೆಣ್ಣೆ, ಸೋಪಿನ ನೀರು ಅಂತ ವಾರವಾರ ಒದ್ದಾಟ. ಇನ್ನೊಂದು, ಬೀಜದ ಪ್ಯಾಕೆಟ್ಟು. ತಗಡಿನ ಶೆಡ್ಡಿನಲ್ಲಿ, ಬಿಸಿಲು ಬೀಳುವ ಕಂಬಕ್ಕೆ ನೇತು ಹಾಕಿರುತ್ತಾರೆ. ಹಿಂಬದಿಯ ಅವಧಿ ಮುಗಿಯುವ ತಾರೀಖು ನೋಡಿ, ತಾರೀಖು ಇದ್ದರೂ ಆ ಶಾಖಕ್ಕೆ ಬೀಜ ಬೇಗ ಸಾಯುತ್ತದೆ. ಬೆಂಡೆ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತರಿಸಿಕೊಳ್ಳಿ. ಬಿಳಿ ನೊಣ ಹರಡುವ ಹಳದಿ ನಂಜು ರೋಗವನ್ನು ತಡೆಯಲೆಂದೇ ರೂಪಿಸಿದ ತಳಿ ಅದು.

ಒಟ್ಟು ಮೂರೂವರೆ ಸ್ಟಾರ್. ಅರ್ಧ ಕಳೆದಿದ್ದು ಗ್ರೋ ಬ್ಯಾಗಿಗೆ, ಒಂದು ಕಳೆದಿದ್ದು ಗುಲಾಬಿಗೆ. ಭಾನುವಾರ ಹೋಗಬೇಡಿ, ಅವತ್ತು ಕಾಕಾ ರಜೆ, ಆ ಹುಡುಗನೊಬ್ಬನೇ ಇರುತ್ತಾನೆ. ಫೋನ್‌ಪೇ ನಡೆಯುತ್ತದೆ. ಗೊಬ್ಬರಕ್ಕೆ ಮನೆಯಿಂದಲೇ ಚೀಲ ಒಯ್ಯಿರಿ, ಅವರ ಚೀಲಕ್ಕೆ ಬೇರೆ ದುಡ್ಡು.