ಜರ್ಮನಿಯ ಅಗ್ಗದ ಅಂಗಡಿಗಳ ಸ್ವಂತ ಬ್ರ್ಯಾಂಡ್: ಒಂದು ಕನ್ನಡ ಅಡುಗೆಮನೆಯ ಅಭಿಪ್ರಾಯ

ಸ್ಟುಟ್‌ಗಾರ್ಟ್ ಸುತ್ತಮುತ್ತ ಕೆಲಸಕ್ಕೆಂದು ಬಂದು ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಲ್ಲಿ ದಿನಸಿಯ ಮಾತು ಬಂದರೆ ಎರಡು ಪಕ್ಷಗಳಾಗುತ್ತವೆ. ಆಲ್ಡಿ ಮತ್ತು ಲಿಡ್ಲ್ ಎಂಬ ಅಗ್ಗದ ಅಂಗಡಿಗಳ ಸ್ವಂತ ಬ್ರ್ಯಾಂಡಿನ, ಎಂದರೆ ಅವು ತಾವೇ ಹೆಸರಿಟ್ಟು ಮಾರುವ, ಹಾಲು, ಬೆಣ್ಣೆ, ಹಿಟ್ಟುಗಳನ್ನೇ ವರ್ಷಗಟ್ಟಲೆ ಬಳಸಿ ತೃಪ್ತರಾದವರು ಒಂದು ಕಡೆ. ಇಷ್ಟು ಅಗ್ಗಕ್ಕೆ ಕೊಡುತ್ತಾರೆಂದರೆ ಎಲ್ಲೋ ಏನೋ ಕಲಬೆರಕೆ ಇರಲೇಬೇಕು ಎಂದು ಹೆಸರುವಾಸಿ ಕಂಪನಿಯ ಪೊಟ್ಟಣಕ್ಕೇ ಕೈಹಾಕುವವರು ಇನ್ನೊಂದು ಕಡೆ. ಹನ್ನೊಂದು ವರ್ಷ ಇಲ್ಲಿ ಅಡುಗೆ ಮಾಡಿದ ಮೇಲೆ ನಾನು ಮೊದಲನೆಯ ಪಕ್ಷಕ್ಕೆ ಸೇರಿದ್ದೇನೆ, ಆದರೆ ಒಂದು ಷರತ್ತಿನ ಮೇಲೆ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿ ಒಂದೆರಡು ಹೆಸರಿಗೆ ಮುಗಿಯುವುದಾದರೆ ಸ್ವಂತ ಬ್ರ್ಯಾಂಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಪಟ್ಟಿ ಉದ್ದವಾದಂತೆಲ್ಲ ನಿಂತು ಓದಬೇಕು.

ಈ ಅಂಗಡಿಗಳ ಅಗ್ಗದ ಬೆಲೆಗೆ ಕಾರಣ ಅವುಗಳ ವ್ಯಾಪಾರದ ಕ್ರಮದಲ್ಲೇ ಇದೆ. ಆಲ್ಡಿಯ ಮೂಲವಾದ, ಎಸ್ಸೆನ್ ನಗರದಲ್ಲಿ 1913ರಲ್ಲಿ ಅನ್ನಾ ಆಲ್ಬ್ರೆಕ್ಟ್ ನಡೆಸಲಾರಂಭಿಸಿದ ಸಣ್ಣ ಅಂಗಡಿಯನ್ನು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಕ್ಕಳಾದ ಕಾರ್ಲ್ ಮತ್ತು ಥಿಯೋ ವಹಿಸಿಕೊಂಡು, ಕೆಲವೇ ಬಗೆಯ ಸಾಮಾನುಗಳನ್ನು ಅಲಂಕಾರವಿಲ್ಲದೆ ಕಡಿಮೆ ಲಾಭಕ್ಕೆ ಮಾರುವ ಪದ್ಧತಿಯನ್ನು ಬೆಳೆಸಿದರು. ಸಿಗರೇಟು ಮಾರಬೇಕೇ ಬೇಡವೇ ಎಂಬ ಭಿನ್ನಾಭಿಪ್ರಾಯದಿಂದ ಅಣ್ಣತಮ್ಮಂದಿರು ಪಾಲಾಗಿ ಆಲ್ಡಿ ಉತ್ತರ ಮತ್ತು ಆಲ್ಡಿ ದಕ್ಷಿಣ ಎಂಬ ಎರಡು ಸಂಸ್ಥೆಗಳಾದವು. ನಮ್ಮ ಭಾಗದಲ್ಲಿರುವುದು ದಕ್ಷಿಣದ್ದು. ಲಿಡ್ಲ್ 1973ರಲ್ಲಿ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಮೊದಲ ಅಂಗಡಿ ತೆರೆದು ಅದೇ ದಾರಿ ಹಿಡಿಯಿತು. ಇಂದಿಗೂ ಸಾಮಾನು ಬಂದ ರಟ್ಟಿನ ಪೆಟ್ಟಿಗೆಯ ಮುಖವನ್ನು ಹರಿದು ಹಾಗೆಯೇ ಕಪಾಟಿನಲ್ಲಿ ಇಡುತ್ತಾರೆ.

ಹಾಲಿನಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಸಂಶಯ ಹೆಚ್ಚಾಗಿರುವುದು ಅಲ್ಲಿ. ಇಲ್ಲಿ ಮಾರುವ ಹಾಲು, ಬೆಣ್ಣೆ, ಚೀಸ್‌ಗಳ ಮೇಲೆಲ್ಲ ಮೊಟ್ಟೆಯಾಕಾರದ ಒಂದು ಸಣ್ಣ ಮುದ್ರೆ ಇರುತ್ತದೆ. ಅದರಲ್ಲಿ ದೇಶದ ಎರಡು ಅಕ್ಷರ, ರಾಜ್ಯದ ಸಂಕ್ಷಿಪ್ತ ಹೆಸರು ಮತ್ತು ಆ ಪದಾರ್ಥವನ್ನು ಕೊನೆಯದಾಗಿ ಸಂಸ್ಕರಿಸಿದ ಅಥವಾ ಪ್ಯಾಕ್ ಮಾಡಿದ ಘಟಕದ ಸಂಖ್ಯೆ ಇರುತ್ತದೆ; ಬವೇರಿಯಾದ್ದಾದರೆ ಬಿ ವೈ, ನಮ್ಮ ಬಾಡೆನ್ ವುರ್ಟೆಂಬರ್ಗ್ ರಾಜ್ಯದ್ದಾದರೆ ಬಿ ಡಬ್ಲ್ಯೂ. ಒಂದು ದಿನ ನಾನು ಸ್ವಂತ ಬ್ರ್ಯಾಂಡಿನ ಹಾಲಿನ ಪೆಟ್ಟಿಗೆಯನ್ನೂ ಅದರ ಒಂದೂವರೆ ಪಟ್ಟು ಬೆಲೆಯ ಹೆಸರುವಾಸಿ ಹಾಲಿನ ಪೆಟ್ಟಿಗೆಯನ್ನೂ ಅಡುಗೆಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡರ ಮುದ್ರೆಯಲ್ಲೂ ಒಂದೇ ಸಂಖ್ಯೆ ಇತ್ತು. ಘಟಕ ಒಂದೇ ಆದ ಮಾತ್ರಕ್ಕೆ ಒಳಗಿನ ಪದಾರ್ಥವೂ ಒಂದೇ ಎಂದು ಹೇಳಲಾಗದು ಎಂಬುದು ನಿಜ, ಆದರೆ 3.5 ಶೇಕಡಾ ಕೊಬ್ಬಿನ ಹಾಲು ಎಂದು ಎರಡರ ಮೇಲೂ ಬರೆದಿರುವಾಗ ಹೆಚ್ಚಿನ ಹಣ ಯಾವುದಕ್ಕೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ. ನಂದಿನಿಯ ನೀಲಿ ಪ್ಯಾಕೆಟ್ಟಿನ 3 ಶೇಕಡಾ ಕೊಬ್ಬಿನ ಹಾಲಿಗೆ ಒಗ್ಗಿಕೊಂಡವರಿಗೆ ಇದರ ಮೊಸರು ಇನ್ನೂ ಗಟ್ಟಿಯಾಗಿಯೇ ಅನ್ನಿಸುತ್ತದೆ. ಹಾಲನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಬೆರಳು ತಾಳುವಷ್ಟು ಆರಿಸಿ, ಹೆಪ್ಪು ಹಾಕಿ, ಚಳಿಗಾಲವಾದರೆ ಓವನ್ನಿನ ದೀಪವನ್ನಷ್ಟೇ ಹೊತ್ತಿಸಿ ಅದರೊಳಗೆ ಇಟ್ಟರೆ ಬೆಳಗ್ಗೆ ಚಮಚ ನಿಲ್ಲುವಂತಹ ಮೊಸರು ಸಿದ್ಧವಾಗಿರುತ್ತದೆ.

ಬೆಣ್ಣೆಯ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 'ಡಾಯ್ಚ ಮಾರ್ಕನ್‌ಬುಟರ್' ಎಂದು ಪೊಟ್ಟಣದ ಮೇಲಿರುವುದನ್ನು ಹೊಸಬರು ಯಾವುದೋ ಕಂಪನಿಯ ಹೆಸರೆಂದು ತಿಳಿಯುತ್ತಾರೆ. ಅದು ವಾಸನೆ, ರುಚಿ, ಹದ ಇತ್ಯಾದಿಗಳನ್ನು ನಿಯಮಿತವಾಗಿ ಪರೀಕ್ಷಿಸಿ ಕೊಡುವ ಉನ್ನತ ದರ್ಜೆಯ ಹೆಸರು, ಮತ್ತು ಅಗ್ಗದ ಅಂಗಡಿಯ 250 ಗ್ರಾಂ ಪೊಟ್ಟಣದ ಮೇಲೂ ಅದೇ ದರ್ಜೆ ಇರುತ್ತದೆ. ಹುಳಿ ಕೆನೆಯಿಂದ ತೆಗೆದದ್ದು, ಸಿಹಿ ಕೆನೆಯಿಂದ ತೆಗೆದದ್ದು ಎಂದು ಎರಡು ಮುಖ್ಯ ಬಗೆಗಳಿದ್ದು, ತುಪ್ಪಕ್ಕೆ ಹುಳಿ ಕೆನೆಯದ್ದನ್ನೇ ಆರಿಸಬೇಕು. ಮೊಸರು ಕಡೆದು ತೆಗೆದ ಬೆಣ್ಣೆಯ ತುಪ್ಪದ ಪರಿಮಳಕ್ಕೆ ಅದೇ ಹತ್ತಿರ. ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮ ಇಂತಹ ನಾಲ್ಕು ಪೊಟ್ಟಣಗಳನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಚಟಪಟ ಸದ್ದು ಅಡಗಿ ತಳದ ಗಸಿ ಹೊಂಬಣ್ಣಕ್ಕೆ ತಿರುಗುವವರೆಗೆ ಅಲುಗಾಡದೆ ಎದುರಿಗೇ ನಿಂತಿದ್ದು, ನಾಲ್ಕು ಕಾಳು ಮೆಂತ್ಯ ಉದುರಿಸಿ ಒಲೆ ಆರಿಸಿದರು. ಮರುದಿನ ಅದು ಹರಳುಹರಳಾಗಿ ಗಟ್ಟಿಯಾದದ್ದನ್ನು ನೋಡಿ, "ಊರಿನ ಬೆಣ್ಣೆಗೆ ಏನೂ ಕಡಿಮೆ ಇಲ್ಲ ಕಣೇ" ಎಂದರು. ಒಂದು ಕಿಲೋ ಬೆಣ್ಣೆಗೆ ಸುಮಾರು 800 ಗ್ರಾಂ ತುಪ್ಪ ಬಂದಿತ್ತು; ಕಾನೂನಿನ ಪ್ರಕಾರ ಬೆಣ್ಣೆಯಲ್ಲಿ ಕನಿಷ್ಠ 82 ಶೇಕಡಾ ಕೊಬ್ಬಿರಬೇಕಾದ್ದರಿಂದ ಲೆಕ್ಕವೂ ಸರಿಹೋಗುತ್ತದೆ.

ಹಿಟ್ಟಿನ ಪೊಟ್ಟಣಗಳ ಮೇಲಿನ 405, 550, 1050 ಎಂಬ ಸಂಖ್ಯೆಗಳು 100 ಗ್ರಾಂ ಹಿಟ್ಟನ್ನು ಸುಟ್ಟರೆ ಸುಮಾರು ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬುದನ್ನು ತಿಳಿಸುತ್ತವೆ. ಸಂಖ್ಯೆ ಏರಿದಷ್ಟೂ ಹೊಟ್ಟಿನ ಅಂಶ ಹೆಚ್ಚು. 405 ನಮ್ಮ ಮೈದಾಕ್ಕೆ ಹತ್ತಿರದ್ದು, ಕಿಲೋಗೆ ಒಂದು ಯೂರೋಗಿಂತ ಕಡಿಮೆ. ಚಪಾತಿಗೆ 1050ರ ಜೊತೆ ಅರ್ಧದಷ್ಟು ಇಡೀ ಗೋಧಿಯ ಹಿಟ್ಟನ್ನು ಬೆರೆಸಿಕೊಳ್ಳುತ್ತೇನೆ. ಉಪ್ಪಿಟ್ಟಿನ ರವೆಯಲ್ಲಿ ಮಾತ್ರ ಬಹಳ ಜನ ಮೋಸ ಹೋಗುತ್ತಾರೆ. ಕೈಗೆ ಮೊದಲು ಸಿಗುವುದು ಮೆದು ಗೋಧಿಯ ರವೆ. ಅದು ಪಾಯಸಕ್ಕೆ, ಗಂಜಿಗೆ ಸರಿ, ಉಪ್ಪಿಟ್ಟಿಗೆ ಹಾಕಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ಪಕ್ಕದಲ್ಲಿಯೇ ಹಳದಿ ಛಾಯೆಯ ಗಟ್ಟಿ ಗೋಧಿಯ ರವೆ ಇದ್ದರೆ ಅದನ್ನು ತೆಗೆದುಕೊಳ್ಳಬೇಕು. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದ್ದು, ಹುರಿದು ಹಾಕಿದರೆ ಬಿಡಿಬಿಡಿಯಾಗಿ ಅರಳುತ್ತದೆ.

ಇನ್ನು ಸಂಶಯ ಪಕ್ಷದವರ ಮಾತಿನಲ್ಲಿ ನಿಜವಿರುವ ಕಡೆಗೆ ಬರುತ್ತೇನೆ. ಹುಬ್ಬಳ್ಳಿಯ ಕಡೆಯ ಒಬ್ಬ ಗೆಳತಿ ಅಗ್ಗದ ಅಂಗಡಿಯೊಂದರಿಂದ ಸ್ವಂತ ಬ್ರ್ಯಾಂಡಿನ 'ಭಾರತೀಯ' ಗೊಜ್ಜಿನ ಬಾಟಲಿ ತಂದಿದ್ದರು. ಪದಾರ್ಥಗಳ ಪಟ್ಟಿಯಲ್ಲಿ ನೀರಿನ ನಂತರದ ಸ್ಥಾನದಲ್ಲಿ ಸಕ್ಕರೆ ಇತ್ತು, ಮಸಾಲೆಗಳೆಲ್ಲ ಸೇರಿ ಕೊನೆಯಲ್ಲಿ ಒಂದು ಶೇಕಡಾಕ್ಕಿಂತ ಕಡಿಮೆ. ತೂಕದ ಇಳಿಕೆಯ ಕ್ರಮದಲ್ಲಿಯೇ ಪಟ್ಟಿ ಬರೆಯಬೇಕೆಂಬ ನಿಯಮ ಇರುವುದರಿಂದ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ರುಚಿ ತಿಳಿದಿತ್ತು. ಮಾವಿನ ಪಾನೀಯದ ಮೇಲೆ ಎಷ್ಟೇ ಸೊಗಸಾದ ಹಣ್ಣಿನ ಚಿತ್ರವಿರಲಿ, 'ನೆಕ್ಟರ್' ಎಂದಿದ್ದರೆ ಅದರಲ್ಲಿ ಹಣ್ಣಿನ ಅಂಶ ನಾಲ್ಕನೇ ಒಂದು ಭಾಗ ಇದ್ದರೂ ಕಾನೂನಿಗೆ ಸಾಕು. 'ಝಾಫ್ಟ್' ಎಂಬ ಹೆಸರಿನಲ್ಲಿ ಮಾರಬೇಕಾದರೆ ಪೂರ್ತಿ ಹಣ್ಣಿನ ರಸವೇ ಆಗಿರಬೇಕು. ಸಸ್ಯಾಹಾರಿಗಳು ಚೀಸ್ ಕೊಳ್ಳುವಾಗ ಹಾಲು ಒಡೆಯಲು ಬಳಸಿದ್ದು ಕರುವಿನ ಹೊಟ್ಟೆಯಿಂದ ತೆಗೆದದ್ದೋ ಸೂಕ್ಷ್ಮಜೀವಿಗಳಿಂದ ತಯಾರಾದದ್ದೋ ನೋಡಿಕೊಳ್ಳಬೇಕು, ಹಣ್ಣಿನ ಮೊಸರಿನಲ್ಲಿ ಜೆಲಾಟಿನ್ ಇದೆಯೇ ಎಂಬುದನ್ನೂ ನೋಡಬೇಕು. ಇವು ದುಬಾರಿ ಬ್ರ್ಯಾಂಡುಗಳಿಗೂ ಅನ್ವಯಿಸುವ ಮಾತುಗಳೇ. ಗೆಳತಿಗೆ ನಾನು ಹೇಳಿದ್ದೂ ಅದನ್ನೇ: ಆ ಗೊಜ್ಜು ಕೆಟ್ಟದ್ದಾಗಿದ್ದರೆ ಅದು ಗೊಜ್ಜಿನ ದೋಷ, ಅದರಿಂದಾಗಿ ಪಕ್ಕದ ಕಪಾಟಿನ ಬೆಣ್ಣೆಯನ್ನು ಬಿಡಬೇಕಾಗಿಲ್ಲ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ಎಂಬತ್ತು ದಾಟಿದ ಜರ್ಮನ್ ಅಜ್ಜಿಯವರು ಈ ಚರ್ಚೆಯನ್ನು ಬೇರೆ ರೀತಿಯಲ್ಲಿ ತೀರಿಸಿಕೊಂಡಿದ್ದಾರೆ. ಅಂಗಡಿಗಳಿಂದ ಸಾಮಾನ್ಯ ಗ್ರಾಹಕರಂತೆ ಕೊಂಡು ತಂದು ಪರೀಕ್ಷಿಸುವ, 1964ರಲ್ಲಿ ಸ್ಥಾಪನೆಯಾದ ಸ್ಟಿಫ್ಟುಂಗ್ ವಾರನ್‌ಟೆಸ್ಟ್ ಸಂಸ್ಥೆಯ ಫಲಿತಾಂಶಗಳನ್ನು ಅವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಅಗ್ಗದ ಅಂಗಡಿಯ ಪದಾರ್ಥಗಳು ದುಬಾರಿ ಹೆಸರುಗಳನ್ನು ಹಿಂದೆ ಹಾಕಿದ ಎಷ್ಟೋ ಉದಾಹರಣೆಗಳನ್ನು ಅವರೇ ನನಗೆ ತೋರಿಸಿದ್ದಾರೆ. ಆದರೂ ಹಣ್ಣಿನ ಜಾಮ್ ಮಾತ್ರ ಅವರು ಹಳೆಯ ಕಂಪನಿಯದ್ದನ್ನೇ ಕೊಳ್ಳುತ್ತಾರೆ.

ಕಾಫಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಲು ವರ್ಷಗಳೇ ಹಿಡಿದವು. ಆಲ್ಡಿ ತನ್ನ ಕಾಫಿಯನ್ನು ತನ್ನದೇ ಘಟಕಗಳಲ್ಲಿ ಹುರಿಯುತ್ತದೆ. ಹುರಿದ ಕಾಫಿಯ ಪ್ರತಿ ಕಿಲೋಗೆ ಸರ್ಕಾರ 2.19 ಯೂರೋ ಕಾಫಿ ತೆರಿಗೆ ಹಾಕುವುದರಿಂದ, ಅಗ್ಗದ್ದಾಗಲಿ ದುಬಾರಿಯದ್ದಾಗಲಿ 500 ಗ್ರಾಂ ಪೊಟ್ಟಣದ ಬೆಲೆಯಲ್ಲಿ ಒಂದು ಯೂರೋಗಿಂತ ಹೆಚ್ಚು ತೆರಿಗೆಯೇ ಆಗಿರುತ್ತದೆ. ಮೊದಮೊದಲು ಪುಡಿಯ ಪೊಟ್ಟಣ ತಂದು ನಮ್ಮ ಹಿತ್ತಾಳೆ ಫಿಲ್ಟರಿಗೆ ಹಾಕಿದಾಗ ನೀರು ಸರಸರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತಿತ್ತು, ನಾನು ಬ್ರ್ಯಾಂಡನ್ನು ದೂರುತ್ತಿದ್ದೆ. ಇಲ್ಲಿನ ಪುಡಿಯನ್ನು ಕಾಗದದ ಫಿಲ್ಟರಿಗೆಂದು ತರಿತರಿಯಾಗಿ ಬೀಸಿರುತ್ತಾರೆ ಎಂಬುದು ಆಮೇಲೆ ಹೊಳೆಯಿತು. ಈಗ ಅದೇ ಸ್ವಂತ ಬ್ರ್ಯಾಂಡಿನ ಒಂದು ಕಿಲೋ ಬೀಜದ ಪೊಟ್ಟಣ ತಂದು, ಮನೆಯಲ್ಲಿ ನುಣ್ಣಗೆ ಬೀಸಿ, ಊರಿನಿಂದ ತಂದ ಚಿಕೋರಿಯನ್ನು ಐದರಲ್ಲಿ ಒಂದು ಪಾಲು ಬೆರೆಸಿ ರಾತ್ರಿಯೇ ಫಿಲ್ಟರಿಗೆ ಹಾಕಿಡುತ್ತೇನೆ. ಬೆಳಗಾಗುವಷ್ಟರಲ್ಲಿ ಕೆಳಗಿನ ಪಾತ್ರೆಯಲ್ಲಿ ಕಪ್ಪು ಡಿಕಾಕ್ಷನ್ ಎರಡು ಬೆರಳಷ್ಟು ಇಳಿದಿರುತ್ತದೆ.